ಡಾಲರ್ ನೋಟಿನ ಮೇಲೆ ದೇವರಿದ್ದಾನೆ, ಹಾಗಾದರೆ ಅಮೆರಿಕ ಕ್ರೈಸ್ತ ದೇಶವೇ?

ಪ್ರಶ್ನೆ: ಡಾಲರ್ ನೋಟಿನ ಮೇಲೆ ‘ದೇವರಲ್ಲಿ ನಮ್ಮ ನಂಬಿಕೆ’ ಅಂತ ಅಚ್ಚಾಗಿದೆ. ಅಧ್ಯಕ್ಷರು ಬೈಬಲ್ ಮುಟ್ಟಿ ಪ್ರಮಾಣ ಮಾಡುತ್ತಾರೆ. ಅಂದಮೇಲೆ ಅಮೆರಿಕ ಕ್ರೈಸ್ತ ದೇಶವೇ ಅಲ್ವಾ? ಟೆಕ್ಸಾಸ್‌ನಲ್ಲಿ ಹನುಮಂತನ ಮೂರ್ತಿಗೆ ತಕರಾರು ಎದ್ದದ್ದು ಇದಕ್ಕೇನಾ?

ಉತ್ತರ: ಅಲ್ಲಿಯ ಜನರಲ್ಲಿ ಕ್ರೈಸ್ತರೇ ಜಾಸ್ತಿ, ನಿಜ. ಆದರೆ ಕಾನೂನಿನ ಪ್ರಕಾರ ಅದು ಕ್ರೈಸ್ತ ದೇಶ ಅಲ್ಲ.

ಮೊದಲು ನೋಟಿನ ವಿಷಯ. ಮೊದಲ ಅಧ್ಯಕ್ಷ ವಾಷಿಂಗ್ಟನ್ ಕಾಲದಿಂದಲೂ ಆ ಸಾಲು ಇದೆ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ನಾಣ್ಯದ ಮೇಲೆ ಅದು ಬಂದದ್ದು 1864ರಲ್ಲಿ, ಅಂತರ್ಯುದ್ಧದ ನಡುವೆ. ನೋಟಿನ ಮೇಲೆ ಬಂದದ್ದು 1957ರಲ್ಲಿ! ಶಾಲಾ ಮಕ್ಕಳು ಬಾವುಟದ ಮುಂದೆ ಹೇಳುವ ಪ್ರತಿಜ್ಞೆ 1892ರದ್ದು. ಅದರೊಳಗೆ ದೇವರ ಹೆಸರು ಸೇರಿದ್ದು 1954ರಲ್ಲಿ. ಸೋವಿಯತ್ ರಷ್ಯಾದವರು ನಾಸ್ತಿಕರು, ನಾವು ಹಾಗಲ್ಲ ಅಂತ ತೋರಿಸಿಕೊಳ್ಳುವ ಹುರುಪು ಆಗ.

1787ರ ಸಂವಿಧಾನದಲ್ಲಿ ದೇವರ ಮಾತೇ ಇಲ್ಲ. ಕೊನೆಗೆ ತಾರೀಕು ಹಾಕುವಾಗ ಆ ಕಾಲದ ರೂಢಿಯಂತೆ ‘ನಮ್ಮ ಪ್ರಭುವಿನ ವರ್ಷ’ ಅಂದಿದ್ದಾರೆ, ಅಷ್ಟೇ. ಯಾವ ಸರ್ಕಾರಿ ಹುದ್ದೆಗೂ ಧರ್ಮ ಕೇಳಬಾರದು ಎಂದು ಆರನೇ ವಿಧಿ ಹೇಳುತ್ತದೆ. ಬೈಬಲ್ ಮುಟ್ಟಲೇಬೇಕೆಂಬ ನಿಯಮವೂ ಇಲ್ಲ. 1901ರಲ್ಲಿ ಥಿಯೋಡರ್ ರೂಸ್‌ವೆಲ್ಟ್ ಅದಿಲ್ಲದೆಯೇ ಪ್ರಮಾಣ ಮಾಡಿದರು. 1791ರ ಮೊದಲ ತಿದ್ದುಪಡಿಯಂತೂ ಕೇಂದ್ರ ಸರ್ಕಾರ ಯಾವ ಧರ್ಮವನ್ನೂ ತನ್ನದು ಅನ್ನಬಾರದು, ಯಾರ ಪೂಜೆಗೂ ಅಡ್ಡ ಬರಬಾರದು ಅಂದುಬಿಟ್ಟಿತು.

ಎದುರು ವಾದದಲ್ಲೂ ಹುರುಳಿದೆ. ಆಗ ಆ ಕಟ್ಟು ಇದ್ದದ್ದು ಕೇಂದ್ರಕ್ಕೆ ಮಾತ್ರ, ರಾಜ್ಯಗಳಿಗಲ್ಲ. ಮ್ಯಾಸಚೂಸೆಟ್ಸ್‌ನಲ್ಲಿ 1833ರವರೆಗೂ ತೆರಿಗೆ ಹಣದಿಂದ ಚರ್ಚ್ ನಡೆಸುತ್ತಿದ್ದರು. ‘ನಮ್ಮದು ಕ್ರೈಸ್ತ ದೇಶ’ ಅನ್ನುವವರು ಇದನ್ನು ಎತ್ತಿ ತೋರಿಸಿದರೆ ಸುಮ್ನೆ ತಳ್ಳಿಹಾಕುವ ಹಾಗಿಲ್ಲ.

ಆದರೆ ನನಗೆ ಇನ್ನೊಂದು ಪ್ರಶ್ನೆ ಮುಖ್ಯ ಅನಿಸುತ್ತದೆ. ಕ್ರೈಸ್ತ ಅಂದರೆ ಯಾವ ಕ್ರೈಸ್ತ?

1840ರ ದಶಕದ ಫಿಲಡೆಲ್ಫಿಯಾಕ್ಕೆ ಬನ್ನಿ. ಸರ್ಕಾರಿ ಶಾಲೆಯಲ್ಲಿ ಬೈಬಲ್ ಓದಿಸುತ್ತಿದ್ದರು. ಅದು ಪೋಪ್‌ನನ್ನು ಗುರು ಅಂತ ಒಪ್ಪದ ಕ್ರೈಸ್ತರ, ಅಂದರೆ ಪ್ರಾಟೆಸ್ಟೆಂಟರ, ಕಿಂಗ್ ಜೇಮ್ಸ್ ಬೈಬಲ್. ಐರ್ಲೆಂಡಿನಿಂದ ಬಂದ, ಪೋಪ್‌ನನ್ನು ಒಪ್ಪುವ ಕ್ಯಾಥೊಲಿಕರ ಮಕ್ಕಳೂ ಅದನ್ನೇ ಓದಬೇಕಿತ್ತು. ನಮ್ಮ ಮಕ್ಕಳಿಗೆ ನಮ್ಮ ಬೈಬಲ್ ಓದಲು ಬಿಡಿ ಎಂದು ಅಲ್ಲಿಯ ಬಿಷಪ್ ಕೆನ್ರಿಕ್ ಕೇಳಿಕೊಂಡರು. ಊರಲ್ಲಿ ಹಬ್ಬಿದ ಸುದ್ದಿಯೇ ಬೇರೆ: ಪೋಪ್‌ನ ಕಡೆಯವರು ಶಾಲೆಯಿಂದ ಬೈಬಲ್ಲನ್ನೇ ಹೊರಗೆ ಹಾಕಿಸುತ್ತಾರಂತೆ! 1844ರ ಮೇ ತಿಂಗಳಲ್ಲಿ ಕೆನ್ಸಿಂಗ್ಟನ್ ಬಡಾವಣೆಯಲ್ಲಿ ಹೊಡೆದಾಟ ಶುರುವಾಯಿತು. ಐರಿಷ್ ಜನರ ಮನೆಗಳಿಗೆ ಬೆಂಕಿ ಬಿತ್ತು. ಸೇಂಟ್ ಮೈಕೆಲ್ ಮತ್ತು ಸೇಂಟ್ ಅಗಸ್ಟೀನ್ ಚರ್ಚ್‌ಗಳು ಸುಟ್ಟುಹೋದವು. ಸತ್ತವರೂ ಕ್ರೈಸ್ತರು, ಬೆಂಕಿ ಇಟ್ಟವರೂ ಕ್ರೈಸ್ತರು.

ಮುಂದೆ ಇದೇ ಸಿಟ್ಟು ಪಕ್ಷವೂ ಆಯಿತು. ಅದರ ಬೇರು ಗುಟ್ಟಿನ ಸಂಘಗಳಲ್ಲಿತ್ತು. ಸದಸ್ಯರನ್ನು ಏನಾದರೂ ಕೇಳಿದರೆ ‘ನಂಗೇನೂ ಗೊತ್ತಿಲ್ಲ’ ಅನ್ನಬೇಕಿತ್ತು. ಜನ ಅವರನ್ನು ಹಾಗೇ ಕರೆದರು, ‘ನೋ ನಥಿಂಗ್’ ಅಂತ. ವಲಸೆ ಬಂದವರಿಗೆ 21 ವರ್ಷ ಕಾಯಿಸಿ ಪೌರತ್ವ ಕೊಡಿ ಅನ್ನುವುದು ಅವರ ಬೇಡಿಕೆ. 1856ರ ಚುನಾವಣೆಯಲ್ಲಿ ಅವರ ಅಭ್ಯರ್ಥಿಗೆ ಐದರಲ್ಲೊಂದು ಪಾಲಿಗಿಂತ ಹೆಚ್ಚು ಮತ ಬಿತ್ತು.

ನಮ್ಮವರ ಕಥೆ ಇನ್ನೂ ವಿಚಿತ್ರ. ಭಗತ್ ಸಿಂಗ್ ಥಿಂಡ್ ಪಂಜಾಬಿನ ಸಿಖ್. ಮೊದಲ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಸೈನ್ಯದಲ್ಲಿದ್ದವರು. ‘ಬಿಳಿಯ’ನಿಗೆ ಮಾತ್ರ ಪೌರತ್ವ ಅನ್ನುವ 1790ರ ನಿಯಮ ಏಷ್ಯಾದವರ ಮಟ್ಟಿಗೆ ಇನ್ನೂ ಜಾರಿಯಲ್ಲಿತ್ತು. 1923ರಲ್ಲಿ ಸುಪ್ರೀಂ ಕೋರ್ಟ್ ಇವರನ್ನು ‘ಮೇಲುಜಾತಿಯ ಹಿಂದೂ’ ಅಂತ ಬರೆದುಕೊಂಡಿತು. ಭಾರತದಿಂದ ಬಂದವರೆಲ್ಲ ಅಲ್ಲಿ ಆಗ ‘ಹಿಂದೂ’ಗಳೇ. ಸಾಮಾನ್ಯ ಜನರ ಮಾತಿನಲ್ಲಿ ಇವರು ಬಿಳಿಯರಲ್ಲ, ಪೌರತ್ವ ಇಲ್ಲ ಅಂತ ತೀರ್ಪಾಯಿತು. ಭಾರತೀಯರಿಗೆ ಬಾಗಿಲು ಚೂರು ತೆರೆದದ್ದು 1946ರಲ್ಲಿ, ವರ್ಷಕ್ಕೆ ಸುಮಾರು 100 ಮಂದಿಗೆ. ಪೂರ್ತಿ ತೆರೆದದ್ದು 1965ರ ವಲಸೆ ಕಾನೂನು. ಇವತ್ತು ಅಮೆರಿಕದ ಊರೂರಲ್ಲಿ ಕನ್ನಡ ಕೂಟ ಕಾಣುತ್ತಿದ್ದರೆ ಅದರ ಹಿಂದೆ ಇರುವುದು ಆ ಕಾನೂನು.

ಇನ್ನು ಹನುಮಂತ. ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡ್ ಊರಿನ ಅಷ್ಟಲಕ್ಷ್ಮಿ ದೇವಸ್ಥಾನದಲ್ಲಿ 2024ರಲ್ಲಿ 90 ಅಡಿಯ ಮೂರ್ತಿ ನಿಂತಿತು. ಮರುವರ್ಷ ರಿಪಬ್ಲಿಕನ್ ಪಕ್ಷದಿಂದ ಸೆನೆಟ್‌ಗೆ ನಿಲ್ಲಲು ಹೊರಟಿದ್ದ ಒಬ್ಬರು ತಕರಾರು ತೆಗೆದರು. ಸುಳ್ಳು ದೇವರ ಮೂರ್ತಿ ಟೆಕ್ಸಾಸ್‌ನಲ್ಲಿ ಯಾಕೆ, ನಮ್ಮದು ಕ್ರೈಸ್ತ ದೇಶ ಎಂದರು. ಮಾತಾಡುವ ಹಕ್ಕು ಅವರಿಗೂ ಇದೆ. ಆದರೆ ದೇವಸ್ಥಾನದವರು ತಮ್ಮ ಜಾಗದಲ್ಲಿ ಯಾವ ದೇವರನ್ನು ನಿಲ್ಲಿಸಬೇಕು ಎಂದು ಹೇಳುವ ಅಧಿಕಾರ ಸರ್ಕಾರಕ್ಕಿಲ್ಲ. ಅದೇ ಮೊದಲ ತಿದ್ದುಪಡಿ, ಈಗ ಅದರ ಕಟ್ಟು ರಾಜ್ಯಗಳಿಗೂ ಇದೆ.

ಅದೇ ಹ್ಯೂಸ್ಟನ್‌ನಲ್ಲಿ 1960ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ಚುನಾವಣೆಯ ಕಣದಲ್ಲಿದ್ದ ಕ್ಯಾಥೊಲಿಕ್ ಜಾನ್ ಕೆನಡಿ ಪ್ರಾಟೆಸ್ಟೆಂಟ್ ಪಾದ್ರಿಗಳ ಮುಂದೆ ನಿಂತಿದ್ದರು. ನಾನು ಕ್ಯಾಥೊಲಿಕರ ಅಭ್ಯರ್ಥಿ ಅಲ್ಲ, ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿ, ಪೋಪ್ ಹೇಳಿದ ಹಾಗೆ ಕುಣಿಯುವವನಲ್ಲ ಎಂದು ಅವರಿಗೆ ಬಿಡಿಸಿ ಹೇಳಬೇಕಾಗಿತ್ತು. 2025ರ ಹನುಮಂತನ ಗಲಾಟೆಯ ಹೊತ್ತಿಗೆ ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳಲ್ಲಿ ಆರು ಮಂದಿ ಕ್ಯಾಥೊಲಿಕರು. ಯಾರೂ ಅದನ್ನೊಂದು ಸುದ್ದಿ ಅಂತಲೂ ಎಣಿಸಲಿಲ್ಲ.