ಒದ್ದೆ ಹೆಜ್ಜೆಯ ಫೋಟೊ ನೋಡಿ ಬ್ಯಾಲೆನ್ಸ್ ಹೇಳಲಾಗದು

ಮಕ್ಕಳ ಕರಾಟೆ ಬೆಲ್ಟ್ ಟೆಸ್ಟ್ ಹತ್ತಿರ ಬಂತೆಂದರೆ ನನ್ನ ವಾಟ್ಸಾಪ್‌ಗೆ ಒದ್ದೆ ಹೆಜ್ಜೆ ಗುರುತಿನ ಫೋಟೊಗಳು ಬರುತ್ತವೆ. 'ಡಾಕ್ಟ್ರೇ, ಮಗನ ಕಾಲು ಪೂರ್ತಿ ಚಪ್ಪಟೆ. ಅದಕ್ಕೇ ಕಿಕ್ ಹೊಡೆಯುವಾಗ ಬೀಳ್ತಾನೆ, ಅಲ್ವಾ?' ಹಾಸನದಲ್ಲಿ ಫಿಸಿಯೋಥೆರಪಿ ಮಾಡುವ ನನಗೆ ಈ ಪ್ರಶ್ನೆ ಕೇಳಿ ಕೇಳಿ ಸಾಕಾಗಿದೆ.

ಪಾದದ ಭಂಗಿ ಅಳೆಯಲು ನಾವು ಆರು ಗುರುತು ನೋಡಿ ಅಂಕ ಕೊಡುತ್ತೇವೆ, ಮೈನಸ್ 12ರಿಂದ ಪ್ಲಸ್ 12ರವರೆಗೆ. ಪ್ಲಸ್ ಎಂದರೆ ಪಾದ ಒಳಕ್ಕೆ ವಾಲಿದೆ, ಮೈನಸ್ ಎಂದರೆ ಹೊರಕ್ಕೆ. ದೊಡ್ಡವರಲ್ಲಿ ಸೊನ್ನೆಯಿಂದ 5 ಸಾಮಾನ್ಯ. ಅಂದರೆ ಒಳಕ್ಕೆ ಸ್ವಲ್ಪ ವಾಲಿದ ಪಾದ ರೋಗವಲ್ಲ. ಮಕ್ಕಳದ್ದು ಇನ್ನೂ ಜಾಸ್ತಿ ವಾಲಿರುತ್ತದೆ. ಆದರೆ ಆ ಅಂಕ ಎರಡೂ ಕಾಲೂರಿ ಸುಮ್ನೆ ನಿಂತಾಗಿನದು. ಒದೆಯುವಾಗ ಮಗು ಒಂಟಿಗಾಲಲ್ಲಿರುತ್ತದೆ, ಅದೂ ತಿರುಗುತ್ತಾ. ನಿಂತ ಪಾದದ ಆಕಾರ ಬೇರೆ, ತಿರುಗುವ ಪಾದದ ಕೆಲಸ ಬೇರೆ. ದಯವಿಟ್ಟು ಇದೊಂದನ್ನು ಬೆರೆಸಬೇಡಿ.

ಹೋದ ಮಳೆಗಾಲ ಸಕಲೇಶಪುರದ ಕಡೆಯ ಅಪ್ಪ ಒಬ್ಬರು ಹತ್ತು ವರ್ಷದ ಮಗಳನ್ನು ಕರೆತಂದರು. ಮವಾಶಿ ಗೇರಿ, ಅಂದರೆ ತಿರುಗುತ್ತಾ ಪಕ್ಕದಿಂದ ಒದೆಯುವ ಕಿಕ್, ಹೊಡೆದರೆ ವಾಲುತ್ತಾಳೆ. ಆನ್‌ಲೈನ್‌ನಲ್ಲಿ ಅಂಗಾಲಿನ ಕಮಾನಿಗೆ (ಒಳಬದಿಯ ಬಾಗಿಗೆ) ಆಸರೆ ಕೊಡುವ ಇನ್‌ಸೋಲ್ ತರಿಸಿ ಶಾಲೆ ಶೂಗೆ ಹಾಕಿಸಿದ್ದರು.

'ಕರಾಟೆ ಕ್ಲಾಸಲ್ಲಿ ಏನು ಹಾಕ್ತಾಳೆ?'

'ಬರಿಗಾಲು ಡಾಕ್ಟ್ರೇ...' ಅಂದವರು ಅಲ್ಲಿಗೇ ನಿಲ್ಲಿಸಿದರು.

ತುದಿಗಾಲಲ್ಲಿ ನಿಲ್ಲು ಪುಟ್ಟ ಎಂದೆ. ಹಿಮ್ಮಡಿ ಎದ್ದಿದ್ದೇ ತಡ, ಅಂಗಾಲಿನ ಒಳಗಡೆ ಕಮಾನು ಮೂಡಿತು. ಅಪ್ಪ ನೆಲಕ್ಕೆ ಬಗ್ಗಿ, 'ಅಯ್ಯೋ, ಬಂತಲ್ಲ!' ಎಂದರು. ಆಮೇಲೆ ಒಂಟಿಗಾಲು. ಐದು ಬೆರಳೂ ಉಗುರಿನ ಸುತ್ತ ಬಿಳುಪೇರುವಷ್ಟು ನೆಲ ಕಚ್ಚಿದವು. ಎತ್ತಿದ ಕಾಲಿನ ಕಡೆ ಸೊಂಟ ಕೆಳಗೆ ಜಾರಿತು. ಊರಿದ ಕಾಲಿನ ಸೊಂಟದ ಸ್ನಾಯುಗಳಿಗೆ ಶಕ್ತಿ ಸಾಲುತ್ತಿರಲಿಲ್ಲ. ಪಾಪ, ಅದರ ಕೆಲಸವನ್ನೂ ಬೆರಳುಗಳೇ ಮಾಡುತ್ತಿದ್ದವು.

ಪಾದಕ್ಕೆ ಸಂಬಂಧವೇ ಇಲ್ಲ ಎನ್ನುತ್ತಿಲ್ಲ. ತುಂಬ ಚಪ್ಪಟೆ ಪಾದ ಒಳಕ್ಕೆ ಕುಸಿದರೆ ಮೊಣಕಾಲೂ ಒಳಕ್ಕೆ ಬರಬಹುದು. ತುಂಬ ಎತ್ತರದ ಕಮಾನಿದ್ದರೆ ನೆಲ ತಾಗುವ ಜಾಗವೇ ಕಡಿಮೆ. ಆದರೆ ಬ್ಯಾಲೆನ್ಸ್‌ಗೆ ಕಣ್ಣು ಬೇಕು, ಒಳಕಿವಿ ಬೇಕು, ಅಂಗಾಲಿನ ಚರ್ಮ ಮತ್ತು ಕೀಲುಗಳು ಮೆದುಳಿಗೆ ಕಳಿಸುವ ಸುದ್ದಿಯೂ ಬೇಕು.

ಅವಳಿಗೆ ಎರಡೇ ವ್ಯಾಯಾಮ ಕೊಟ್ಟೆ. ಬೆರಳು ಮಡಚದೆ ಹೆಬ್ಬೆರಳ ಬುಡವನ್ನು ಹಿಮ್ಮಡಿ ಕಡೆಗೆ ಎಳೆಯುವುದು ಒಂದು. ಹಲ್ಲುಜ್ಜುವಾಗ ಸೊಂಟ ಸಮ ಇಟ್ಟು ಒಂಟಿಗಾಲಲ್ಲಿ ನಿಲ್ಲುವುದು ಇನ್ನೊಂದು. ಇದು ಅವಳಿಗೆ ಕೊಟ್ಟಿದ್ದು, ಎಲ್ಲರಿಗೂ ಇದೇ ಸಾಕು ಎಂದಲ್ಲ.

ನೋವಿದ್ದರೆ, ಒಂದೇ ಕಾಲು ಚಪ್ಪಟೆಯಾಗಿದ್ದರೆ, ತುದಿಗಾಲಲ್ಲೂ ಕಮಾನು ಮೂಡದಿದ್ದರೆ ತಡ ಮಾಡದೆ ತೋರಿಸಿ. ಫೋಟೊ ಬೇಡ, ಮಗುವನ್ನೇ ಕರೆತನ್ನಿ. ಚಡ್ಡಿ ಹಾಕಿಸಿರಿ, ಮೊಣಕಾಲೂ ಕಾಣಬೇಕು.