ಲೈಟ್ ಉರಿಯುತ್ತೆ, ಸೆಲ್ಫ್ ಯಾಕೆ ತಿರುಗಲ್ಲ?

ಪ್ರಶ್ನೆ: ಅಪ್ಪನ 1972ರ ಅಂಬಾಸಿಡರ್ ಮಾರ್ಕ್ 2 ನಾಲ್ಕು ವರ್ಷ ಶೆಡ್ಡಿನಲ್ಲೇ ನಿಂತಿತ್ತು. ಹೊಸ ಬ್ಯಾಟರಿ ಹಾಕಿಸಿದೆ. ಹೆಡ್‌ಲೈಟ್ ಝಗ್ಗನೆ ಉರಿಯುತ್ತೆ, ಹಾರ್ನ್ ಕೂಡ ಜೋರಾಗಿದೆ. ಸೆಲ್ಫ್ ಹೊಡೆದರೆ ಮಾತ್ರ ಒಂದು ಸಲ 'ಟಕ್' ಅನ್ನುತ್ತೆ, ಅಷ್ಟೇ. ಕರೆಂಟ್ ಸರಿ ಇದೆಯಲ್ಲ, ಹಾಗಾದರೆ ಸೆಲ್ಫ್ ಮೋಟರ್ ಸುಟ್ಟಿದೆ ಅಂತಲಾ?

ಉತ್ತರ: ಅಷ್ಟು ಬೇಗ ತೀರ್ಮಾನ ಬೇಡ. ಮೋಟರ್‌ಗೆ ಸ್ಪ್ಯಾನರ್ ಹಾಕುವ ಮುಂಚೆ ಇದನ್ನು ಪೂರ್ತಿ ಓದಿ.

ಪ್ರತಿ ವರ್ಷ ಆಯುಧಪೂಜೆಗೆ ಹದಿನೈದು ದಿನ ಇದೆ ಅನ್ನುವಾಗ ಈ ಪ್ರಶ್ನೆ ಶುರುವಾಗುತ್ತದೆ. ಮಳೆಗಾಲ ಮುಗಿದಿರುತ್ತದೆ, ಶೆಡ್ಡಿನಿಂದ ಗಾಡಿ ಹೊರಗೆ ತರಬೇಕು, ತೊಳೆದು ಪೂಜೆ ಮಾಡಬೇಕು. ಊರು ಬೇರೆ, ಗಾಡಿ ಬೇರೆ. ಮಾತು ಮಾತ್ರ ಒಂದೇ: 'ಲೈಟ್ ಚೆನ್ನಾಗಿ ಉರೀತಿದೆ ಸರ್, ಕರೆಂಟ್ ಸರಿಯಾಗೇ ಇದೆ.' ಎಷ್ಟು ಸಲ ಹೇಳಿದರೂ ಈ ನಂಬಿಕೆ ಹೋಗುತ್ತಿಲ್ಲ. ಅದಕ್ಕೇ ಈ ಸಲ ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಕರೆಂಟಿನ ವಿಷಯಕ್ಕೆ ಬರುವ ಮುಂಚೆ ಒಂದು ಕೆಲಸ ಇದೆ. ಇಗ್ನಿಷನ್ ಆಫ್ ಮಾಡಿ, ಗೇರ್ ನ್ಯೂಟ್ರಲ್‌ಗೆ ತಂದು, ನಾಲ್ಕೂ ಪ್ಲಗ್ ಬಿಚ್ಚಿ. ಒಂದೊಂದು ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಡಿ. ಮುಂದಿನಿಂದ ಹ್ಯಾಂಡಲ್ ಹಾಕಿ ನಿಧಾನವಾಗಿ ತಿರುಗಿಸಿ. ತಿರುಗಿದರೆ ಮುಂದೆ ಓದಿ. ತಿರುಗದಿದ್ದರೆ ಎಂಜಿನ್ ಹಿಡಿದುಕೊಂಡಿರಬಹುದು. ಆಯಿಲ್ ಒಂದೆರಡು ದಿನ ಇಳಿಯಲಿ, ಬಲ ಹಾಕಬೇಡಿ. ಹಿಡಿದುಕೊಂಡ ಎಂಜಿನ್ ಮೇಲೆ ಸೆಲ್ಫ್ ಹೊಡೆಯುತ್ತಾ ಕೂತರೆ ಚೆನ್ನಾಗಿದ್ದ ಮೋಟರೂ ಸುಡುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಎರಡು ಹೆಡ್‌ಲೈಟ್ ಬಲ್ಬ್, ಒಂದೊಂದು 45 ವ್ಯಾಟ್ ಅಂತ ಇಟ್ಟುಕೊಳ್ಳಿ. ಒಟ್ಟು 90 ವ್ಯಾಟ್. 12 ವೋಲ್ಟ್ ಬ್ಯಾಟರಿಯಿಂದ ಎಳೆಯುವುದು ಸುಮಾರು 7.5 ಆಂಪಿಯರ್. ಸೆಲ್ಫ್ ಮೋಟರ್ ಎಂಜಿನ್ ತಿರುಗಿಸುವಾಗ 150 ಆಂಪಿಯರ್‌ನಷ್ಟು ಕೇಳುತ್ತದೆ. ನಿಂತ ಜಾಗದಿಂದ ಅಲುಗುವ ಆ ಕ್ಷಣಕ್ಕೆ ಇನ್ನೂ ಜಾಸ್ತಿ. ಅಂದರೆ ಲೈಟಿಗಿಂತ ಇಪ್ಪತ್ತು ಪಟ್ಟು.

ಬ್ಯಾಟರಿ ಟರ್ಮಿನಲ್ ಮೇಲೆ ಹಸಿರು ಕಿಲುಬು ಕೂತಿದೆ ಅಂದುಕೊಳ್ಳಿ. ಅದರ ತಡೆ ಬರೀ 0.03 ಓಮ್. ಸಾಮಾನ್ಯ ಮೀಟರಿನಲ್ಲಿ ಸರಿಯಾಗಿ ಅಳೆಯಲೂ ಆಗದಷ್ಟು ಸಣ್ಣದು. ಲೈಟಿನ 7.5 ಆಂಪಿಯರ್ ಅದರ ಮೂಲಕ ಹರಿದಾಗ ಕಳೆದುಹೋಗುವುದು ಕಾಲು ವೋಲ್ಟಿಗಿಂತ ಕಡಿಮೆ. ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಅದೇ ಕಿಲುಬಿನ ಮೂಲಕ 150 ಆಂಪಿಯರ್ ಹರಿಯಬೇಕು ಅಂದರೆ 4.5 ವೋಲ್ಟ್ ಅಲ್ಲೇ ಹೋಯಿತು. ಮೋಟರಿಗೆ ಉಳಿದಿದ್ದು 7.5 ವೋಲ್ಟ್, ಅದೂ ಬ್ಯಾಟರಿ ಒಂದಿಷ್ಟೂ ಕುಸಿಯದಿದ್ದರೆ. ಮೋಟರ್ ಹೇಗೆ ತಿರುಗಬೇಕು ಹೇಳಿ? ತೋಟದ ಪೈಪಿನಲ್ಲಿ ಕಸ ಕಟ್ಟಿದ್ದರೂ ಲೋಟ ತುಂಬುತ್ತದೆ, ಸ್ಪ್ರಿಂಕ್ಲರ್ ಮಾತ್ರ ತಿರುಗುವುದಿಲ್ಲ. ಇದೂ ಹಾಗೇ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಬ್ಯಾಟರಿಯಿಂದ ಹೊರಟ ಕರೆಂಟ್ ವಾಪಸ್ ಬ್ಯಾಟರಿಗೇ ಬರಬೇಕು. ಹೆಡ್‌ಲೈಟಿನ ಕರೆಂಟ್ ಬಾಡಿಯ ತಗಡಿನ ಮೂಲಕ ವಾಪಸ್ ಬರುತ್ತದೆ. ಸೆಲ್ಫ್ ಮೋಟರ್ ಕೂತಿರುವುದು ಎಂಜಿನ್ ಮೇಲೆ. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ, ರಬ್ಬರಿನಲ್ಲಿ ಕರೆಂಟ್ ಹರಿಯುವುದಿಲ್ಲ. ಅದಕ್ಕೇ ಎಂಜಿನ್ ಕಡೆಯಿಂದ ಬಾಡಿಗೆ ಒಂದು ಹೆಣೆದ ತಾಮ್ರದ ಪಟ್ಟಿ ಕೊಟ್ಟಿರುತ್ತಾರೆ, ಅರ್ತ್ ಪಟ್ಟಿ. ಲೈಟಿನ ದಾರಿಯಲ್ಲಿ ಈ ಪಟ್ಟಿ ಬರುವುದೇ ಇಲ್ಲ! ಪಟ್ಟಿ ಪೂರ್ತಿ ತುಂಡಾಗಿದ್ದರೂ ಲೈಟ್ ಝಗ್ಗನೆ ಉರಿಯುತ್ತದೆ. ಲೈಟ್ ನೋಡಿ ಸೆಲ್ಫಿನ ದಾರಿ ಸರಿ ಇದೆ ಅನ್ನುವುದು, ಪಕ್ಕದ ರಸ್ತೆ ನೋಡಿ ನಮ್ಮ ರಸ್ತೆಯಲ್ಲಿ ಗುಂಡಿ ಇಲ್ಲ ಅಂದ ಹಾಗೆ.

ಸಾಗರದ ಹತ್ತಿರ ಪರಿಚಯದವರೊಬ್ಬರ ಅಡಿಕೆ ತೋಟದ ಶೆಡ್ಡಿನಲ್ಲಿ ಇಂಥದ್ದೇ ಒಂದು ಅಂಬಾಸಿಡರ್ ಇತ್ತು. ಲೈಟ್ ಉರಿಯುತ್ತಿದೆ ಅನ್ನುವ ಒಂದೇ ಕಾರಣಕ್ಕೆ ಮೋಟರ್ ಬಿಚ್ಚಿ ರಿವೈಂಡಿಂಗ್‌ಗೆ ಕೊಟ್ಟಿದ್ದರು. ದುಡ್ಡು ಕೊಟ್ಟು ವಾಪಸ್ ತಂದು ಕೂರಿಸಿದ ಮೇಲೂ ಅದೇ 'ಟಕ್'. ನಾನು ಹೋದಾಗ ಅವರ ಮಗ ಸೆಲ್ಫ್ ಹೊಡೆಯುತ್ತಲೇ ಇದ್ದ. ಬಾನೆಟ್ ಒಳಗಿಂದ ಗ್ರೀಸ್ ಕಾದ ವಾಸನೆ ಬಂತು. ಡ್ಯಾಶ್‌ಬೋರ್ಡಿನಿಂದ ಕಾರ್ಬುರೇಟರಿಗೆ ಹೋಗುವ ಚೋಕ್ ವೈರಿನ ಮೇಲೆ ಬೆರಳಿಟ್ಟೆ. ಬಿಸಿ ಕಾವಲಿ ಮುಟ್ಟಿದ ಹಾಗಾಯಿತು.

ಎಂಜಿನ್ ಆಫ್ ಇದೆ, ಚೋಕ್ ವೈರ್ ಯಾಕೆ ಬಿಸಿಯಾಗಬೇಕು? ಅರ್ತ್ ಪಟ್ಟಿಯ ದಾರಿ ಮುಚ್ಚಿತ್ತು. ಎಂಜಿನ್‌ನಿಂದ ಬಾಡಿಗೆ ಲೋಹದಲ್ಲಿ ಸೇರುವ ಬೇರೆ ದಾರಿ ಅಂದರೆ ಚೋಕ್ ವೈರಿನಂಥ ಸಣ್ಣ ಕೇಬಲ್‌ಗಳು ಮಾತ್ರ. ಪಾಪ, ಅಷ್ಟೂ ಕರೆಂಟ್ ಅದರಲ್ಲೇ ನುಗ್ಗಲು ನೋಡುತ್ತಿತ್ತು. ಕೆಳಗೆ ಮಲಗಿ ಪಟ್ಟಿ ಬಿಚ್ಚಿದೆ. ಬೋಲ್ಟಿನ ಅಡಿ ತುಕ್ಕು, ತುಕ್ಕಿನ ಮೇಲೆ ಯಾವಾಗಲೋ ಹೊಡೆದ ಕಪ್ಪು ಪೇಂಟ್. ವೈರ್ ಬ್ರಷ್, ಎಮರಿ ಪೇಪರ್ ಹಾಕಿ ಎರಡೂ ಕಡೆ ಲೋಹ ಹೊಳೆಯುವ ತನಕ ತಿಕ್ಕಿದೆ. ಪಟ್ಟಿ ಬಿಗಿದು, ಮೇಲೆ ಸ್ವಲ್ಪ ವ್ಯಾಸಲೀನ್ ಸವರಿದೆ. ಮೊದಲ ಸೆಲ್ಫಿಗೇ ಎಂಜಿನ್ ಗಿರ್ರನೆ ತಿರುಗಿತು. ಅರ್ಧ ಗಂಟೆಯ ಕೆಲಸ.

ನೀವು ಹೀಗೆ ಮಾಡಿ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಹಾಕಿರಲಿ, ಇಗ್ನಿಷನ್ ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ಸಣ್ಣ ವೈರ್ ಬಿಚ್ಚಿಡಿ. ಒಬ್ಬರು ಸೆಲ್ಫ್ ಹೊಡೆಯಲಿ, ಎರಡು ಮೂರು ಸೆಕೆಂಡ್ ಸಾಕು. ನೀವು ಮಲ್ಟಿಮೀಟರ್ ಹಿಡಿಯಿರಿ. ಒಂದು ಕಡ್ಡಿ ಬ್ಯಾಟರಿಯ ಅರ್ತ್ ಕಡೆಯ ಸೀಸದ ಗೂಟದ ಮೇಲೆ. ಕ್ಲಾಂಪ್ ಮೇಲಲ್ಲ, ಗೂಟದ ಮೇಲೇ. ಇನ್ನೊಂದು ಎಂಜಿನ್ನಿನ ಬರಿ ಲೋಹದ ಮೇಲೆ. ಸೆಲ್ಫ್ ಹೊಡೆದಾಗ ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಕಳ್ಳ ಆ ದಾರಿಯಲ್ಲೇ ಇದ್ದಾನೆ. ಕಡ್ಡಿಯನ್ನು ಗೂಟದಿಂದ ಕ್ಲಾಂಪಿಗೆ, ಕ್ಲಾಂಪಿನಿಂದ ಬಾಡಿಗೆ ಒಂದೊಂದೇ ಹೆಜ್ಜೆ ಸರಿಸುತ್ತಾ ಹೋದರೆ ಸಿಕ್ಕಿಬೀಳುತ್ತಾನೆ. ಬ್ಯಾಟರಿಯ ಇನ್ನೊಂದು ಗೂಟದಿಂದ ಮೋಟರಿನ ದಪ್ಪ ವೈರ್ ತನಕವೂ ಹೀಗೇ ನೋಡಿ.

ಮೀಟರ್ ಇಲ್ವಾ? ಜಂಪರ್ ಕೇಬಲ್ ಒಂದು ಸಾಕು. ಬ್ಯಾಟರಿಯ ಅರ್ತ್ ಗೂಟದಿಂದ ನೇರವಾಗಿ ಎಂಜಿನ್ ಬ್ಲಾಕಿಗೆ ಕಚ್ಚಿಸಿ, ಸೆಲ್ಫ್ ಹೊಡೆಯಿರಿ. ತಿರುಗಿದರೆ ಅರ್ತ್ ದಾರಿಯದೇ ತಪ್ಪು. ಹಳೆಯ ಇಂಗ್ಲಿಷ್ ಮಾದರಿಯ ವೈರಿಂಗ್ ಇರುವ ಗಾಡಿಗಳಲ್ಲಿ ಪ್ಲಸ್ ಕಡೆಯೇ ಬಾಡಿಗೆ ಹೋಗಿರಬಹುದು. ನಿಮ್ಮ ಗಾಡಿಯಲ್ಲಿ ಯಾವ ಗೂಟ ಬಾಡಿಗೆ ಸೇರಿದೆ ಅಂತ ಕಣ್ಣಾರೆ ನೋಡಿಕೊಂಡೇ ಕೇಬಲ್ ಹಾಕಿ.

ಅರ್ತ್ ಸರಿ ಇದ್ದೂ 'ಟಕ್' ಮಾತ್ರ ಬಂದರೆ ಸೋಲೆನಾಯ್ಡ್, ಅಂದರೆ ಮೋಟರಿಗೆ ಕರೆಂಟ್ ಬಿಡುವ ಸ್ವಿಚ್, ಅದರ ಒಳಗಿನ ಕಾಂಟ್ಯಾಕ್ಟ್ ಸುಟ್ಟಿರಬಹುದು. 'ಟಟಟಟ' ಅಂತ ಬಡಿದುಕೊಂಡರೆ ಬ್ಯಾಟರಿಯಲ್ಲೇ ಶಕ್ತಿ ಇಲ್ಲ. ಹೊಸ ಬ್ಯಾಟರಿಯೂ ಅಂಗಡಿಯಲ್ಲಿ ತಿಂಗಳುಗಟ್ಟಲೆ ಕೂತಿದ್ದರೆ ಹೀಗೆ ಮಾಡುತ್ತದೆ. ಮೋಟರ್ ಗುಂಯ್ ಅಂತ ತಿರುಗಿ ಎಂಜಿನ್ ತಿರುಗದಿದ್ದರೆ ಎಂಜಿನ್ನಿಗೆ ಕಚ್ಚಿಕೊಳ್ಳಬೇಕಾದ ಅದರ ಸಣ್ಣ ಹಲ್ಲುಚಕ್ರ (ಪಿನಿಯನ್) ಕೊಳೆ ಹಿಡಿದು ನಿಂತಿದೆ. ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ. ಗ್ರೀಸ್ ಹಚ್ಚಬೇಡಿ, ಕ್ಲಚ್ಚಿನ ಧೂಳೆಲ್ಲ ಅಂಟಿ ಮತ್ತೆ ಹಿಡಿಯುತ್ತದೆ. ಇಷ್ಟೆಲ್ಲ ನೋಡಿದ ಮೇಲೆ ಮೋಟರ್ ಬಿಚ್ಚಿ. ಆಗಲೂ ನಿಂತ ಗಾಡಿಯಲ್ಲಿ ಕಾರ್ಬನ್ ಬ್ರಷ್ ಗೂಡಿನಲ್ಲಿ ಸಿಕ್ಕಿಕೊಂಡಿದೆಯಾ ಅಂತ ನೋಡಿ, ರಿವೈಂಡಿಂಗ್ ಮಾತು ಆಮೇಲೆ.

ಎಂಜಿನ್ ತಿರುಗುತ್ತೆ, ಸ್ಟಾರ್ಟ್ ಆಗಲ್ಲ ಅಂದರೆ ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು ಪಾಯಿಂಟ್, ಅಂದರೆ ಪ್ಲಗ್ಗಿನ ಕಿಡಿಗಾಗಿ ತೆರೆದು ಮುಚ್ಚುವ ಕಾಂಟ್ಯಾಕ್ಟ್, ನೋಡಿ. ನಾಲ್ಕು ವರ್ಷದಲ್ಲಿ ಅದರ ಮುಖ ಮಂಕಾಗಿರುತ್ತದೆ. ನಯವಾದ ಎಮರಿ ಪೇಪರಿನಿಂದ ಒಂದೆರಡು ಸಲ ಎಳೆದು, ಒರೆಸಿ, ಗ್ಯಾಪ್ 0.4 ಮಿಲಿಮೀಟರ್ ಹತ್ತಿರ ಇಡಿ. ಟ್ಯಾಂಕಿನ ಹಳೆ ಪೆಟ್ರೋಲ್ ಖಾಲಿ ಮಾಡಿ.

ನೀವು ಕೇಳಲಿಲ್ಲ, ಆದರೆ ಗಾಡಿ ಸ್ಟಾರ್ಟ್ ಆದ ಮೇಲೆ ಮುಂದಿನ ಪ್ರಶ್ನೆ ಇದೇ ಅಂತ ನನಗೆ ಗೊತ್ತು: 'ವಾರಕ್ಕೊಮ್ಮೆ ಹತ್ತು ನಿಮಿಷ ಸ್ಟಾರ್ಟ್ ಮಾಡಿ ಇಟ್ಟರೆ ಬ್ಯಾಟರಿ ಚಾರ್ಜ್ ಆಗುತ್ತಲ್ವಾ?' ಡೈನಮೋ ಇರುವ ಗಾಡಿಯಲ್ಲಿ ಆಗುವುದಿಲ್ಲ. ಸ್ಲೋ ಸ್ಪೀಡಿನಲ್ಲಿ ಡೈನಮೋ ಬ್ಯಾಟರಿಗಿಂತ ಜಾಸ್ತಿ ವೋಲ್ಟ್ ಕೊಡುವುದಿಲ್ಲ, ಹಾಗಾಗಿ ಡೈನಮೋವನ್ನು ಬ್ಯಾಟರಿಗೆ ಜೋಡಿಸುವ ಸ್ವಿಚ್, ಅಂದರೆ ಕಟೌಟ್, ಬಿಟ್ಟುಕೊಂಡೇ ಇರುತ್ತದೆ. ಡ್ಯಾಶ್‌ಬೋರ್ಡಿನ ಕೆಂಪು ದೀಪ ಉರಿಯುತ್ತಾ ಅದನ್ನೇ ಹೇಳುತ್ತಿರುತ್ತದೆ. ಆ ಹತ್ತು ನಿಮಿಷ ಇಗ್ನಿಷನ್ ಕಾಯಿಲ್ ಸುಮಾರು 3 ಆಂಪಿಯರ್ ಎಳೆಯುತ್ತದೆ. ಅಂದರೆ ಅರ್ಧ ಆಂಪಿಯರ್-ಅವರ್ ಖರ್ಚು, ಸೆಲ್ಫ್ ತಿಂದಿದ್ದು ಬೇರೆ. ಸೈಲೆನ್ಸರ್ ಪೂರ್ತಿ ಬಿಸಿಯಾಗದೆ ಒಳಗೆ ನೀರು ಕೂತು ತುಕ್ಕೂ ಹಿಡಿಯುತ್ತದೆ.

ಓಡಿಸುವುದಾದರೆ ಹದಿನೈದು ದಿನಕ್ಕೊಮ್ಮೆ ಹತ್ತಿಪ್ಪತ್ತು ಕಿಲೋಮೀಟರ್ ರಸ್ತೆಗೆ ಇಳಿಸಿ. ಆಗದಿದ್ದರೆ ಬ್ಯಾಟರಿಯ ಅರ್ತ್ ಕ್ಲಾಂಪ್ ಬಿಚ್ಚಿಟ್ಟು, ತಿಂಗಳಿಗೊಮ್ಮೆ ಸಣ್ಣ ಚಾರ್ಜರ್‌ನಲ್ಲಿ ರಾತ್ರಿಯಿಡೀ ಚಾರ್ಜಿಗೆ ಹಾಕಿ. ಕ್ಲಾಂಪ್ ಬಿಚ್ಚಿಡುವುದರಿಂದ ಇನ್ನೊಂದು ಲಾಭ ಇದೆ. ಶೆಡ್ಡಿನಲ್ಲಿ ಇಲಿ ವೈರ್ ಕಡಿದರೂ ಕಿಡಿ ಹಾರುವುದಿಲ್ಲ.