52ಕ್ಕೇ ಹಲ್ಲಿನ ಸೆಟ್ಟಾ?

ಸಿಂಧನೂರಿನ ಓದುಗರೊಬ್ಬರು ಕೇಳಿದ್ದಾರೆ: “ನನಗೆ 52 ವರ್ಷ. ಆರು ಹಲ್ಲು ಹೋಗಿವೆ. ಡಾಕ್ಟರು ಸೆಟ್ ಹಾಕಿಸಿ ಅಂದರು. ಇಷ್ಟು ಬೇಗ ಯಾರಾದರೂ ಸೆಟ್ ಹಾಕಿಸ್ತಾರಾ? ಹೇಳಿಕೊಳ್ಳೋಕೆ ನಾಚಿಕೆ.”

ಅಣ್ಣಾ, ನಾಚಿಕೆ ಬೇಡ. ನಿಮ್ಮಂಥವರು ತುಂಬಾ ಜನ ಇದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ, 20 ದಾಟಿದವರಲ್ಲಿ ನೂರಕ್ಕೆ ಸುಮಾರು 7 ಮಂದಿಗೆ ಬಾಯಲ್ಲಿ ಒಂದೂ ಹಲ್ಲಿಲ್ಲ. 60 ದಾಟಿದವರಲ್ಲಿ ಅದು 23. ಇದು ಪೂರ್ತಿ ಬೊಚ್ಚುಬಾಯಿಯವರ ಲೆಕ್ಕ ಮಾತ್ರ. ನಾಲ್ಕೋ ಆರೋ ಹಲ್ಲು ಕಳೆದುಕೊಂಡವರು ಇದಕ್ಕಿಂತ ಎಷ್ಟೋ ಜಾಸ್ತಿ.

ವಯಸ್ಸಾಯ್ತು ಅಂತ ಹಲ್ಲು ಸುಮ್ನೆ ಉದುರುವುದಿಲ್ಲ. ಹುಳುಕು ಮತ್ತು ಒಸಡಿನ ಕಾಯಿಲೆ, ಇವೆರಡೇ ಮುಖ್ಯ ಕಾರಣ. ತಂಬಾಕು, ಗುಟ್ಕಾ, ಹತೋಟಿಗೆ ಬಾರದ ಸಕ್ಕರೆ ಕಾಯಿಲೆ ಒಸಡನ್ನು ಇನ್ನಷ್ಟು ಕೆಡಿಸುತ್ತವೆ. ನಮ್ಮ ರಾಯಚೂರು, ಕೊಪ್ಪಳ ಕಡೆ ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ಹಲ್ಲು ಕಂದು ಬಣ್ಣಕ್ಕೆ ತಿರುಗಿರುತ್ತವಲ್ಲ, ಅದನ್ನು ಕಂಡು ಹಲ್ಲೇ ಹೋಯ್ತು ಅಂತ ಕೀಳಿಸಲು ಓಡಬೇಡಿ. ಕಲೆ ಬೇರೆ, ಹುಳುಕು ಬೇರೆ.

ಹೋದ ಹಲ್ಲಿನ ಜಾಗ ಖಾಲಿ ಬಿಟ್ಟರೆ ಅಕ್ಕಪಕ್ಕದ ಹಲ್ಲು ಆ ಕಡೆ ವಾಲುತ್ತವೆ. ಎದುರಿನ ಹಲ್ಲು ಜಾರಿ ಉದ್ದವಾಗುತ್ತದೆ. ಅಲ್ಲಿನ ಎಲುಬೂ ಸವೆಯುತ್ತದೆ. ಊಟವಂತೂ ಬದಲಾಗಿಯೇ ಬಿಡುತ್ತದೆ. ಕುಷ್ಟಗಿಯ ನಮ್ಮ ಚಿಗವ್ವ ಹಲ್ಲು ಹೋದ ಮೇಲೆ ಎರಡು ವರ್ಷ ಕಡಕ್ ರೊಟ್ಟಿ ಮುಟ್ಟಲಿಲ್ಲ. ಬಿಸಿ ರೊಟ್ಟಿಯನ್ನೂ ಸಾರಿನಲ್ಲಿ ಕಿವುಚಿ, ಮೆತ್ತಗಾದ ಮೇಲೆ ನುಂಗುತ್ತಿದ್ದಳು. ಹಸಿ ಸೌತೆಕಾಯಿ, ಶೇಂಗಾ ಎಲ್ಲ ಬಿಟ್ಟಳು. ಪೂರ್ತಿ ಸೆಟ್ ಬಂದಾಗ ಮೊದಲ ವಾರ ಬಾಯಿ ತುಂಬಾ ಜೊಲ್ಲು, ಮಾತು ತೊದಲು. ಮೇಲಿನದು ಅಂಗುಳಕ್ಕೆ ಅಂಟಿ ನಿಂತಿತು. ಕೆಳಗಿನದು ನಾಲಿಗೆ ಆಡಿದಾಗೆಲ್ಲ ಎದ್ದೆದ್ದು ಬರುತ್ತಿತ್ತು. ಸಣ್ಣ ತುತ್ತು, ಎರಡೂ ದವಡೆಯಲ್ಲಿ ಅಗಿಯೋದು ಅಂತ ರೂಢಿ ಮಾಡಿಕೊಂಡಳು. ಈಗ ಕಡಕ್ ರೊಟ್ಟಿಯನ್ನು ಚೂರು ಮಾಡಿ ಶೇಂಗಾ ಹಿಂಡಿ ಜೊತೆ ತಿನ್ನುತ್ತಾಳೆ!

ನಿಮ್ಮದು ಆರೇ ಹಲ್ಲು. ಹಾಗಾಗಿ ಉಳಿದ ಹಲ್ಲಿಗೆ ಕೊಕ್ಕೆಯಂತೆ ಸಿಕ್ಕಿಸುವ ಅರ್ಧ ಸೆಟ್ ಸಾಕಾಗಬಹುದು. ಅಂದ ಮೇಲೆ ಆ ಹಲ್ಲುಗಳು ಗಟ್ಟಿ ಇರಬೇಕು, ಅಲ್ವಾ? ಅದಕ್ಕೇ ಮೊದಲು ಒಸಡು ತೋರಿಸಿ, ಶುಗರ್ ನೋಡಿಸಿ, ಆಮೇಲೆ ಅಳತೆ ಕೊಡಿ. ಹತ್ತಿರದ ಡೆಂಟಲ್ ಕಾಲೇಜು ಆಸ್ಪತ್ರೆಯಲ್ಲೂ ವಿಚಾರಿಸಿ.

ರಾತ್ರಿ ಸೆಟ್ ತೆಗೆದು ತಣ್ಣೀರಿನಲ್ಲಿಡಿ. ಬಿಸಿನೀರು ಹಾಕಿದರೆ ಅದರ ಆಕಾರ ಕೆಡುತ್ತದೆ. ಪೇಸ್ಟ್ ಬೇಡ, ಅದು ಗೀರು ಬೀಳಿಸುತ್ತದೆ. ಮೆತ್ತನೆ ಬ್ರಷ್‌ಗೆ ಸ್ವಲ್ಪ ಸೋಪು ಹಚ್ಚಿ ಉಜ್ಜಿ. ಎಲ್ಲಾದರೂ ಒತ್ತಿ ಹುಣ್ಣಾದರೆ ಡಾಕ್ಟರ ಹತ್ತಿರವೇ ಹೋಗಿ ಸರಿ ಮಾಡಿಸಿ, ಮನೆಯಲ್ಲಿ ಸೆಟ್ಟನ್ನು ಚಾಕುವಿನಿಂದ ಕೆರೆಯಬೇಡಿ.